ಕರಾವಳಿಯಲ್ಲಿ ಪರರಾಷ್ಟ್ರ ವಿಚಾರದ ವ್ಯಾಸಂಗ

ಪರರಾಷ್ಟ್ರ ವಿಚಾರದ ಸಂಶೋಧನೆ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಮನಸ್ಸು ದೆಹಲಿಗೋ ಲಂಡನ್ನಿಗೋ ಓಡುತ್ತದೆ. ಅಲ್ಲಿ ದೊಡ್ಡ ಗ್ರಂಥಾಲಯಗಳಿವೆ, ರಾಯಭಾರಿಗಳ ನಿವಾಸಗಳಿವೆ, ಮಂತ್ರಿಗಳ ಕಚೇರಿಗಳಿವೆ. ರಥಬೀದಿ, ಅಷ್ಟಮಠಗಳು, ಮಲ್ಪೆಯ ದೋಣಿಗಳು, ಗದ್ದೆ ತೋಟಗಳು ಇವುಗಳ ನಡುವೆ ಇರುವ ಉಡುಪಿಯಂಥ ಊರಿನಲ್ಲಿ ಅಂಥ ವ್ಯಾಸಂಗಕ್ಕೆ ಎಡೆಯೆಲ್ಲಿ ಎಂದು ವಿದ್ಯಾವಂತರೇ ಕೇಳುವುದುಂಟು. ಕೇಳುವವರನ್ನು ದೂರಿ ಫಲವಿಲ್ಲ. ಕಾಲೇಜಿನಲ್ಲಿ ಈ ವಿಷಯವನ್ನು ಪಾಠ ಹೇಳುವ ನಾವೇ ವಿದ್ಯಾರ್ಥಿಗಳಿಗೆ ವೆಸ್ಟ್‌ಫಾಲಿಯದ ಒಪ್ಪಂದದಿಂದ ಆರಂಭಿಸುತ್ತೇವೆಯೇ ಹೊರತು ಬಸರೂರಿನಿಂದ ಆರಂಭಿಸುವುದಿಲ್ಲ.

ಆದರೂ ಇಂದು ಮಣಿಪಾಲದಲ್ಲಿ ಈ ವ್ಯಾಸಂಗ ನಡೆಯುತ್ತಿದೆ. ಡಾಕ್ಟರ್ ಟಿ. ಎಂ. ಎ. ಪೈಗಳು 1953ರಲ್ಲಿ ಕಸ್ತೂರಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದಾಗ ಆ ಮುರಕಲ್ಲಿನ ಗುಡ್ಡದ ಮೇಲೆ ಮುಂದೊಂದು ದಿನ ಯೂರೋಪಿನ ರಾಜಕಾರಣವನ್ನೂ ಹಿಂದೂ ಮಹಾಸಾಗರದ ನೌಕಾಬಲವನ್ನೂ ಕುರಿತು ಪ್ರಬಂಧಗಳು ಸಿದ್ಧವಾದಾವೆಂದು ಯಾರೂ ಎಣಿಸಿರಲಾರರು. ವೈದ್ಯ ಮತ್ತು ಯಂತ್ರಶಾಸ್ತ್ರಗಳಿಗೆ ಹೆಸರಾದ ಆ ವಿದ್ಯಾಕೇಂದ್ರದಲ್ಲಿ ಭೂರಾಜಕೀಯ ಹಾಗೂ ಅಂತರರಾಷ್ಟ್ರೀಯ ಸಂಬಂಧಗಳ ವಿಭಾಗವೊಂದು, ಯೂರೋಪಿನ ಅಧ್ಯಯನಕ್ಕಾಗಿಯೇ ಮೀಸಲಾದ ಕೇಂದ್ರವೊಂದು ಹುಟ್ಟಿಕೊಂಡವು. ಪತ್ರಿಕಾ ಸಂಪಾದಕರಾಗಿ ಹೆಸರುಪಡೆದಿದ್ದ ಶ್ರೀ ಎಂ. ಡಿ. ನಾಲಪಾಟರು ಭೂರಾಜಕೀಯದ ಪ್ರಾಧ್ಯಾಪಕರಾಗಿ ಅಲ್ಲಿಗೆ ಬಂದರು. ಭಾರತದ ನಾನಾ ಪ್ರಾಂತಗಳಿಂದ ತರುಣ ತರುಣಿಯರು ಬಂದು ಓದುತ್ತಾರೆ. ಓದು ಮುಗಿಸಿ ಕೆಲವರು ಬೆಂಗಳೂರಿಗೂ ದೆಹಲಿಗೂ ಹೋಗಿ ನೀತಿಸಂಶೋಧನ ಸಂಸ್ಥೆಗಳನ್ನು ಸೇರುತ್ತಾರೆ.

ಈ ನೀತಿಸಂಶೋಧನ ಸಂಸ್ಥೆ ಎಂಬುದೇನೆಂದು ಎರಡು ಮಾತು ಹೇಳಬೇಕು. ಅದು ವಿಶ್ವವಿದ್ಯಾನಿಲಯವಲ್ಲ, ಸರ್ಕಾರದ ಇಲಾಖೆಯೂ ಅಲ್ಲ. ಎರಡರ ನಡುವಣ ಜಗಲಿ. 1919ರಲ್ಲಿ ಪ್ಯಾರಿಸಿನ ಶಾಂತಿಸಭೆಗೆ ಹೋಗಿದ್ದ ಇಂಗ್ಲೆಂಡು ಮತ್ತು ಅಮೆರಿಕದ ಪಂಡಿತರಿಗೆ, ದೇಶಗಳ ಭವಿಷ್ಯವನ್ನು ನಿರ್ಣಯಿಸುವವರು ಆ ದೇಶಗಳ ವಿಷಯವನ್ನು ಎಷ್ಟು ಕಡಿಮೆ ತಿಳಿದಿದ್ದಾರೆಂಬುದು ಕಣ್ಣಾರೆ ಕಂಡಿತು. ಲಂಡನ್ನಿನಲ್ಲಿ 1920ರಲ್ಲಿ, ನ್ಯೂಯಾರ್ಕಿನಲ್ಲಿ 1921ರಲ್ಲಿ ಇಂಥ ಸಂಸ್ಥೆಗಳು ಹುಟ್ಟಿದುದು ಆ ಅನುಭವದಿಂದ. ನಮ್ಮಲ್ಲಿ ಭಾರತೀಯ ವಿಶ್ವವ್ಯವಹಾರ ಪರಿಷತ್ತು 1943ರಲ್ಲಿ, ಅಂದರೆ ದೇಶಕ್ಕೆ ತನ್ನದೇ ಆದ ಪರರಾಷ್ಟ್ರ ನೀತಿ ಇರುವುದಕ್ಕೂ ಮುಂಚೆಯೇ, ಸ್ಥಾಪನೆಯಾಯಿತು. ರಕ್ಷಣಾ ವಿಚಾರಗಳಿಗಾಗಿ ಇನ್ನೊಂದು ಸಂಸ್ಥೆ 1965ರಲ್ಲಿ ದೆಹಲಿಯಲ್ಲಿ ಬಂದಿತು. ಬೆಂಗಳೂರಿನಲ್ಲಿ 1988ರಲ್ಲಿ ಆರಂಭವಾದ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿಯೂ ಈ ವಿಷಯಕ್ಕೆ ಸ್ಥಾನವಿದೆ. ಇಲ್ಲಿ ಕೆಲಸಮಾಡುವ ತರುಣ ಪಂಡಿತನು ಐದು ವರ್ಷ ಕುಳಿತು ಐನೂರು ಪುಟ ಬರೆಯಲಾರನು. ಎಲ್ಲಿಯೋ ಒಂದು ಜಲಸಂಧಿ ಮುಚ್ಚಿತೆಂದರೆ, ವಾರದೊಳಗಾಗಿ ನಾಲ್ಕು ಪುಟದಲ್ಲಿ ಅದರ ಕಾರಣವೇನು, ನಮಗಾಗುವ ಪರಿಣಾಮವೇನು ಎಂದು ತಿಳಿಸಬೇಕು. ಆ ನಾಲ್ಕು ಪುಟದ ಹಿಂದೆ ಐನೂರು ಪುಟದ ಓದು ಇದ್ದರೆ ಅದಕ್ಕೆ ಬೆಲೆ. ಇಲ್ಲದಿದ್ದರೆ ಅದು ಹಿಂದಿನ ದಿನದ ವೃತ್ತಪತ್ರಿಕೆ.

ಈ ಓದಿಗೆ ಸಾಮಗ್ರಿ ಬೇಕಲ್ಲವೆ? ನಮ್ಮ ಕರಾವಳಿಯ ವಿಚಾರ ಇಲ್ಲಿಂದ ತೊಡಗುತ್ತದೆ.

ಉಡುಪಿಯಿಂದ ಬಡಗಣಕ್ಕೆ ಹತ್ತು ಮೈಲಿ ಹೋದರೆ ಬಾರಕೂರು. ಇಂದು ಅಲ್ಲಿ ನೋಡುವವರಿಗೆ ಕಾಣುವುದು ಗುಡಿಗಳು, ಶಾಸನದ ಕಲ್ಲುಗಳು, ಕತ್ತಲೆ ಬಸದಿಯ ಕಂಬಗಳು. ಆದರೆ 1342ರ ಸುಮಾರಿಗೆ ಆ ದಾರಿಯಾಗಿ ಕಡಲಿನಲ್ಲಿ ಬಂದ ಇಬ್ನ್ ಬತೂತನು ಅದನ್ನು ಫಾಕನೂರು ಎಂದು ಕರೆದು ಬೆಲೆಬಾಳುವ ಸಂಗತಿಯೊಂದನ್ನು ಬರೆದಿಟ್ಟಿದ್ದಾನೆ. ಆ ಊರಿನ ಅರಸನಿಗೆ ಸುಮಾರು ಮೂವತ್ತು ಯುದ್ಧನೌಕೆಗಳಿದ್ದವು. ಅವುಗಳ ನಾಯಕನು ಒಬ್ಬ ಮುಸಲ್ಮಾನ. ಅತ್ತ ಹಾದುಹೋಗುವ ಪ್ರತಿಯೊಂದು ಹಡಗೂ ಬಂದರಿನಲ್ಲಿ ಲಂಗರು ಹಾಕಿ ಅರಸನಿಗೆ ಕಾಣಿಕೆ ಸಲ್ಲಿಸಬೇಕು. ಅದಕ್ಕೆ ಬಂದರಿನ ಹಕ್ಕು ಎಂದು ಹೆಸರು. ಸಲ್ಲಿಸದೆ ಹೋದ ಹಡಗನ್ನು ಬೆನ್ನಟ್ಟಿ ಹಿಡಿದು ತಂದು ಇಮ್ಮಡಿ ಸುಂಕ ವಸೂಲು ಮಾಡುತ್ತಿದ್ದರು. ಕಡಲು ಯಾರದು, ತೀರದ ಒಡೆಯನ ಅಧಿಕಾರ ಎಷ್ಟು ದೂರದವರೆಗೆ, ಹಾದುಹೋಗುವವನ ಹಕ್ಕೇನು ಎಂಬ ಪ್ರಶ್ನೆಗಳನ್ನು ಇಂದು ವಿಶ್ವಸಂಸ್ಥೆಯ ಸಮುದ್ರ ಶಾಸನದಡಿ ದೊಡ್ಡ ವಕೀಲರು ವಾದಿಸುತ್ತಾರೆ. ಹಾಲೆಂಡಿನ ಗ್ರೋಷಿಯಸನು ಸ್ವತಂತ್ರ ಸಾಗರವೆಂಬ ತನ್ನ ಗ್ರಂಥವನ್ನು ಪ್ರಕಟಿಸಿದ್ದು 1609ರಲ್ಲಿ. ಬಾರಕೂರಿನ ಅರಸನ ಮೂವತ್ತು ನೌಕೆಗಳು ಅದಕ್ಕೆ ಎರಡೂವರೆ ಶತಮಾನಕ್ಕೂ ಹಿಂದೆಯೇ ಬೇರೊಂದು ಉತ್ತರವನ್ನು ಕೊಟ್ಟಿದ್ದುವು.

ಅಲ್ಲಿಂದ ಇನ್ನೂ ಮುಂದೆ, ಕುಂದಾಪುರದ ಬಳಿ, ವಾರಾಹಿ ಹೊಳೆಯ ದಡದಲ್ಲಿ ಬಸರೂರು. ಈ ಊರಿನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕೆಂದು ನಮ್ಮ ಅಪೇಕ್ಷೆ. ಹದಿನಾರನೆಯ ಶತಮಾನದ ಮೊದಲಲ್ಲಿ ಪೋರ್ಚುಗೀಸ್ ಲೇಖಕನಾದ ಬಾರ್ಬೊಸನು ಇಲ್ಲಿಂದಲೂ ಬಾರಕೂರಿನಿಂದಲೂ ಒಳ್ಳೆಯ ಅಕ್ಕಿ ಮಲಬಾರಿಗೂ ಹೊರ್ಮುಜಿಗೂ ಏಡನ್ನಿಗೂ ಹೋಗುತ್ತಿತ್ತೆಂದು ಹೇಳಿದ್ದಾನೆ. ಪೋರ್ಚುಗೀಸರು ಗೋವೆಯಲ್ಲಿ ನೆಲೆಯೂರಿದ ಮೇಲೆ ಅವರ ಕೋಟೆಗಳಿಗೆ ಬೇಕಾದ ಅನ್ನ ಬಹುಮಟ್ಟಿಗೆ ಈ ತೀರದಿಂದಲೇ ಹೋಗಬೇಕಾಗಿತ್ತು. ಅಕ್ಕಿಗಾಗಿ ಅವರು ಬೆದರಿಸಿದರು, ಒಪ್ಪಂದ ಮಾಡಿಕೊಂಡರು, ಕೋಟೆ ಕಟ್ಟಿದರು. ಆದರೆ ಊರನ್ನು ಆಳುತ್ತಿದ್ದವರು ಯಾರು? ಮೇಲೆ ವಿಜಯನಗರದ, ಅನಂತರ ಕೆಳದಿಯ ಅಧಿಕಾರವಿದ್ದರೂ, ಊರೊಳಗಿನ ಮಾತು ನಡೆಯುತ್ತಿದ್ದುದು ವರ್ತಕರದು. ಇಲ್ಲಿಯ ಶಾಸನಗಳಲ್ಲಿ ಹಲರು, ಸೆಟ್ಟಿಕಾರರು ಎಂದು ಅವರ ಸಂಘಗಳ ಹೆಸರು ಬರುತ್ತದೆ. ಪೋರ್ಚುಗೀಸರ ಕಾಗದಗಳಲ್ಲಿ ಅವರನ್ನು ಶಟಿನ್ನರೆಂದು ಕರೆದಿದ್ದಾರೆ. ನಮ್ಮ ಸೆಟ್ಟಿ ಎಂಬ ಪದವೇ ಅದು. ಅರಸರಲ್ಲದ ಅಂಗಡಿಕಾರರು ಯೂರೋಪಿನ ರಾಜ್ಯವೊಂದರೊಡನೆ ಸಂಧಾನ ಮಾಡುತ್ತಿದ್ದರು ಎಂದರೆ ಅಂತರರಾಷ್ಟ್ರೀಯ ಸಂಬಂಧವೆಂಬುದು ರಾಜ್ಯ ರಾಜ್ಯಗಳ ನಡುವೆ ಮಾತ್ರ ನಡೆಯುವುದೆಂಬ ನಮ್ಮ ಪಠ್ಯಪುಸ್ತಕದ ಮೊದಲನೆಯ ವಾಕ್ಯವೇ ಅಲುಗಾಡುತ್ತದೆ.

ಮುಂದೆ ಕೆಳದಿಯ ಶಿವಪ್ಪನಾಯಕನು 1650ರ ದಶಕದ ಆದಿಯಲ್ಲಿ ಹೊನ್ನಾವರ, ಗಂಗೊಳ್ಳಿ, ಬಸರೂರು, ಮಂಗಳೂರುಗಳಿಂದ ಪೋರ್ಚುಗೀಸರನ್ನು ಹೊರಡಿಸಿದುದು ಪ್ರಸಿದ್ಧವೇ ಆಗಿದೆ. 1665ರಲ್ಲಿ ಶಿವಾಜಿ ಮಹಾರಾಜನು ಕಡಲ ದಾರಿಯಿಂದ ಬಂದು ಈ ಊರನ್ನು ಕೊಳ್ಳೆಹೊಡೆದನು. ಕೊಳ್ಳೆಗೆ ಅಷ್ಟು ದೂರ ಬರಬೇಕಾದರೆ ಊರಿನ ಸಿರಿ ಎಷ್ಟಿದ್ದಿರಬೇಕು!

ಯುದ್ಧಕ್ಕಿಂತ ಸಂಧಾನದ ಕಥೆಯೇ ನಮಗೆ ಹೆಚ್ಚು ಉಪಯುಕ್ತ. 1623ರಲ್ಲಿ ಗೋವೆಯ ಪೋರ್ಚುಗೀಸ್ ಸರ್ಕಾರ ಇಕ್ಕೇರಿಯ ವೆಂಕಟಪ್ಪನಾಯಕನಲ್ಲಿಗೆ ರಾಯಭಾರಿಯೊಬ್ಬನನ್ನು ಕಳುಹಿಸಿತು. ಅವನ ಹೆಸರು ಜೊಆವ್ ಫೆರ್ನಾಂಡಿಸ್ ಲೈತಾವ್. ಅವನ ಜೊತೆಯಲ್ಲಿ ಪಿಯೆತ್ರೊ ದೆಲ್ಲ ವಲ್ಲೆ ಎಂಬ ಇಟಲಿಯ ಯಾತ್ರಿಕನು ಸುಮ್ಮನೆ ನೋಡಿಬರಲೆಂದು ಹೊರಟನು. ಹೊನ್ನಾವರ, ಗೇರುಸೊಪ್ಪೆ, ಘಟ್ಟ, ಇಕ್ಕೇರಿ ಎಂದು ಅವನು ದಾರಿಯ ಪ್ರತಿಯೊಂದನ್ನೂ ಬರೆದನು. ಮಾತುಕತೆಯ ವಸ್ತುಗಳು ಎರಡು: ನಾಯಕನು ರಾಜ್ಯ ಕಸಿದುಕೊಂಡಿದ್ದ ಮಂಗಳೂರಿನ ಬಂಗರಾಜನ ಗತಿ, ಮತ್ತು ಮೆಣಸು. ಬಂಗರಾಜನು ಪೋರ್ಚುಗೀಸರ ಮಿತ್ರ. ಮೆಣಸು ನಾಯಕನ ಕೈಯಲ್ಲಿ. ಇವೆರಡರಲ್ಲಿ ಯಾವುದು ಮೇಲಾಗುವುದೆಂದು ಊಹಿಸಲು ಸಂಶೋಧಕನೇ ಆಗಬೇಕಾಗಿಲ್ಲ. ಹಿಂದಿನ ವರ್ಷವಷ್ಟೆ, 1622ರಲ್ಲಿ, ಪೋರ್ಚುಗೀಸರು ಹೊರ್ಮುಜನ್ನು ಪಾರಸೀಕರಿಗೂ ಇಂಗ್ಲಿಷರಿಗೂ ಸೋತಿದ್ದರು ಎಂಬುದನ್ನು ಇದರೊಡನೆ ಸೇರಿಸಿ ಓದಬೇಕು. ದೂರದ ಜಲಸಂಧಿಯೊಂದು ಕೈಬಿಟ್ಟ ರಾಜ್ಯದ ರಾಯಭಾರಿ ಮಲೆನಾಡಿನ ಅರಮನೆಯಲ್ಲಿ ಹೇಗೆ ನಿಲ್ಲಬೇಕಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನಮಗೆ ತಿಳಿಯದು.

ಆ ಪಯಣದಲ್ಲಿ ಇನ್ನೊಬ್ಬನಿದ್ದನು. ಗೋವೆಯಲ್ಲಿ ನಾಯಕನ ಪರವಾಗಿ ರಾಯಭಾರ ಮಾಡಿ ಹಿಂದಿರುಗುತ್ತಿದ್ದ ಬ್ರಾಹ್ಮಣ. ದೆಲ್ಲ ವಲ್ಲೆ ಅವನನ್ನು ವಿತುಲ ಸಿನಾಯ್ ಎಂದು ಕರೆಯುತ್ತಾನೆ. ವಿಠಲ ಶೆಣೈ ಎಂದು ನಾವು ಓದಿಕೊಳ್ಳಬಹುದು. ಇಟಲಿಯವನು ಬರೆದ ಕಾಗದ ಉಳಿಯಿತು, ಪೋರ್ಚುಗೀಸರ ವರದಿಗಳು ಉಳಿದವು. ಈ ಶೆಣೈ ತನ್ನ ಒಡೆಯನಿಗೆ ಏನು ಒಪ್ಪಿಸಿದನು? ಗೋವೆಯ ವೈಸರಾಯನನ್ನು ಅವನು ಹೇಗೆ ಅಳೆದನು? ಅವನ ಓಲೆಯನ್ನು ಓದುವ ಭಾಗ್ಯ ನಮಗಿಲ್ಲ.

ಕೆಳದಿಯ ಅರಸರನ್ನು ಕುರಿತು ಕಾವ್ಯವಿದೆ. ಲಿಂಗಣ್ಣ ಕವಿಯ ಕೆಳದಿನೃಪವಿಜಯವಿದೆ. ಆದರೆ ವಿದೇಶೀಯರೊಡನೆ ನಡೆದ ದಿನದಿನದ ಪತ್ರವ್ಯವಹಾರವನ್ನು ತಿಳಿಯಬೇಕಾದರೆ ನಾವು ಮುಖ್ಯವಾಗಿ ಆಶ್ರಯಿಸಬೇಕಾದುದು ಪಣಜಿಯಲ್ಲಿರುವ ಪೋರ್ಚುಗೀಸರ ದಫ್ತರಗಳನ್ನು. ಅಲ್ಲಿ ಮಾನ್ಸೂನಿನ ಪುಸ್ತಕಗಳೆಂದು ಒಂದು ಸಾಲು ಇದೆ. ಗಾಳಿಯ ಕಾಲಕ್ಕೆ ಸರಿಯಾಗಿ ಲಿಸ್ಬನ್ನಿಗೂ ಗೋವೆಗೂ ನಡುವೆ ಓಡಾಡಿದ ಕಾಗದಗಳ ಸಂಪುಟಗಳವು. ನೆರೆಯ ರಾಜರ ಪುಸ್ತಕಗಳೆಂದು ಇನ್ನೊಂದು ಸಾಲು. ಕೆಳದಿಯವರಿಗೆ ಬರೆದುದೆಲ್ಲ ಅದರಲ್ಲಿ. ಸಂಧಿಗಳ ಪುಸ್ತಕಗಳೆಂದು ಮತ್ತೊಂದು. ಪ್ರೊಫೆಸರ್ ಬಿ. ಎಸ್. ಶಾಸ್ತ್ರಿಗಳು ಗೋವೆ ಮತ್ತು ಕನ್ನಡ ಜಿಲ್ಲೆಗಳ ನಡುವಣ ಪೋರ್ಚುಗೀಸ್ ಸಂಬಂಧಗಳನ್ನು 1498ರಿಂದ 1763ರ ವರೆಗೆ ಬಿಡಿಸಿ ಬರೆದುದು ಇಂಥ ಆಧಾರಗಳಿಂದ. ಡಾಕ್ಟರ್ ಸಂಜಯ ಸುಬ್ರಹ್ಮಣ್ಯಂ ಅವರು ಬಸರೂರು ಬಂದರು ಮತ್ತು ಅದರ ಅಕ್ಕಿಯ ವ್ಯಾಪಾರವನ್ನು ಕುರಿತು 1984ರಲ್ಲಿ ಲೇಖನ ಪ್ರಕಟಿಸಿದುದೂ ಇಂಥ ಆಧಾರಗಳಿಂದಲೇ. ಇಬ್ಬರಿಗೂ ಪೋರ್ಚುಗೀಸ್ ಭಾಷೆ ಬರುತ್ತಿದ್ದುದರಿಂದ ಇದು ಸಾಧ್ಯವಾಯಿತು. ಹೀಗೆ ನಮ್ಮ ಮನೆಯ ಮಾತುಕತೆಯಲ್ಲಿ ಅರ್ಧವನ್ನು ಪಕ್ಕದ ಮನೆಯವರ ಕಡತದಿಂದ ಓದಿ ತಿಳಿಯಬೇಕಾಗಿದೆ. ಓದುವಾಗ ಬಹಳ ಎಚ್ಚರ ಬೇಕು. ಪೋರ್ಚುಗೀಸ್ ಅಧಿಕಾರಿಯು ಕಪ್ಪ ಎಂದು ಬರೆದುದನ್ನು ಈ ಕಡೆಯವರು ಬಹುಶಃ ಕೊಡುಗೆ ಎಂದೆಣಿಸಿದ್ದರು. ಅವನು ಶರಣಾಗತಿ ಎಂದು ತನ್ನ ದೊರೆಗೆ ತಿಳಿಸಿದುದು ಇವರ ಪಾಲಿಗೆ ಒಂದು ಮಳೆಗಾಲದ ಮಟ್ಟಿಗಿನ ಕೌಲು ಆಗಿದ್ದೀತು.

ಅತ್ತ ನಂಬಿಕೆ ಹೆಚ್ಚಾಗಿಯೂ ಕೆಡಬಾರದು. ಈಜಿಪ್ಟಿನ ಆಕ್ಸಿರಿಂಕಸ್ ಎಂಬಲ್ಲಿ ದೊರೆತು 1903ರಲ್ಲಿ ಅಚ್ಚಾದ ಗ್ರೀಕ್ ಪ್ರಹಸನದಲ್ಲಿ ಬರುವ ಅರ್ಥವಾಗದ ಮಾತುಗಳು ಕನ್ನಡವೆಂದು ಜರ್ಮನ್ ಪಂಡಿತ ಹುಲ್ಟ್‌ಷ್ ಹೇಳಿದಾಗ ನಮ್ಮವರು ಹಿಗ್ಗಿದರು. ಗೋವಿಂದ ಪೈಗಳಂಥ ವಿದ್ವಾಂಸರೂ ಅದರಲ್ಲಿ ಶ್ರಮಿಸಿದರು. ಬಾರ್ನೆಟ್ ಮುಂತಾದವರು ಒಪ್ಪಲಿಲ್ಲ. ಕೆಲವರು ತುಳು ಎಂದರು. ಪ್ರಶ್ನೆ ಇಂದಿಗೂ ತೀರ್ಮಾನವಾಗಿಲ್ಲ. ಊರಿನ ಅಭಿಮಾನವನ್ನು ಪ್ರಮಾಣದ ಜಾಗದಲ್ಲಿ ಕೂರಿಸಬಾರದೆಂದು ವಿದ್ಯಾರ್ಥಿಗಳಿಗೆ ಹೇಳುವಾಗ ನಾವು ಈ ಉದಾಹರಣೆಯನ್ನೇ ಕೊಡುತ್ತೇವೆ.

ಕಾರ್ಕಳದ ವಿಷಯದಲ್ಲಿ ಹೇಳುವುದು ಕಡಿಮೆ. 1432ರ ಗೊಮ್ಮಟ, 1586ರ ಚತುರ್ಮುಖ ಬಸದಿ ಇವುಗಳನ್ನು ನಿಲ್ಲಿಸಿದ ಭೈರರಸರ ನಾಡು ಘಟ್ಟಕ್ಕೂ ಬಂದರುಗಳಿಗೂ ನಡುವೆ ಇತ್ತೆಂಬುದನ್ನು ಮರೆಯದಿದ್ದರೆ ಸಾಕು. ಆದರೆ ಒಂದು ವರ್ಷವನ್ನು ಮಾತ್ರ ಬಿಡಲಾಗದು. 1784ರ ಮಾರ್ಚ್ 11ರಂದು ಟಿಪ್ಪು ಸುಲ್ತಾನನಿಗೂ ಇಂಗ್ಲಿಷ್ ಕಂಪನಿಗೂ ಮಂಗಳೂರಿನಲ್ಲಿ ಒಪ್ಪಂದವಾಯಿತು. ಮದರಾಸಿನಿಂದ ಬಂದ ಸಂಧಾನಕಾರರಲ್ಲಿ ಒಬ್ಬನಾದ ಸ್ಟಾಂಟನ್ ಮುಂದೆ ಮೆಕಾರ್ಟ್ನಿಯ ರಾಯಭಾರದೊಡನೆ ಚೀನಾಕ್ಕೂ ಹೋದನು. ಇತಿಹಾಸದ ಪುಸ್ತಕದಲ್ಲಿ ಈ ಒಪ್ಪಂದಕ್ಕೆ ಒಂದು ಪುಟ ದೊರೆಯುತ್ತದೆ. ಅದೇ ವರ್ಷ ಈ ತೀರದ ಕ್ರೈಸ್ತ ಕುಟುಂಬಗಳು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ನಡೆದವು. ಕಾರ್ಕಳದ ಬಳಿಯ ಅತ್ತೂರಿನ ಇಗರ್ಜಿಯ ಚರಿತ್ರೆಯನ್ನು ಬರೆಯುವವರು ಯಾರೂ 1784ನ್ನು ದಾಟಿ ಹೋಗಲಾರರು. ಒಪ್ಪಂದದ ಕಲಮುಗಳನ್ನೂ ಆ ನಡಿಗೆಯನ್ನೂ ಒಂದೇ ಮೇಜಿನ ಮೇಲಿಟ್ಟು ನೋಡುವವನೇ ಈ ವಿಷಯದಲ್ಲಿ ಸಂಶೋಧಕನು.

ಈ ಜಿಲ್ಲೆಯವರು ಈ ಶಾಸ್ತ್ರಕ್ಕೆ ಹೊಸಬರೇನೂ ಅಲ್ಲ. ಡಾಕ್ಟರ್ ಭಾಸ್ಕರ ಆನಂದ ಸಾಲೆತ್ತೂರರು 1936ರಲ್ಲಿ ತುಳುವ ಇತಿಹಾಸವನ್ನು ಪ್ರಕಟಿಸಿದರು. ಅದೇ ಕೈ 1958ರಲ್ಲಿ ಪಾಶ್ಚಾತ್ಯ ದೇಶಗಳೊಡನೆ ಭಾರತದ ರಾಯಭಾರ ಸಂಬಂಧಗಳನ್ನೂ 1960ರಲ್ಲಿ ಪೌರ್ವಾತ್ಯ ದೇಶಗಳೊಡನೆ ಇದ್ದ ಸಂಬಂಧಗಳನ್ನೂ ಕುರಿತು ಎರಡು ಗ್ರಂಥಗಳನ್ನು ಬರೆಯಿತು. ಊರನ್ನು ಚೆನ್ನಾಗಿ ಓದಿದವರಿಗೆ ಲೋಕ ದೂರವಾಗುವುದಿಲ್ಲ. ಕಲ್ಯಾಣಪುರದ ಮಿಲಾಗ್ರಿಸ್ ಕಾಲೇಜಿನ ಪ್ರಾಂಶುಪಾಲರಾಗಿದ್ದ ಗುರುರಾಜ ಭಟ್ಟರು 1975ರಲ್ಲಿ ಪ್ರಕಟಿಸಿದ ಮಹಾಗ್ರಂಥವೂ ಸಂಬಳ, ಪಾಠ, ಪರೀಕ್ಷೆಗಳ ನಡುವೆ ಕಾಲ್ನಡಿಗೆಯಿಂದ ಕೂಡಿಹಾಕಿದ ಸಾಮಗ್ರಿಯ ಫಲ. ನಮ್ಮಂಥ ಅಧ್ಯಾಪಕರಿಗೆ ಅದನ್ನು ನೋಡಿದಾಗ ಸಂತೋಷವೂ ಆಗುತ್ತದೆ, ನಾಚಿಕೆಯೂ ಆಗುತ್ತದೆ.

ಇನ್ನು ಕಾರ್ಯಕ್ಷೇತ್ರದಲ್ಲಿ ನಿಂತವರು ಬೆನೆಗಲ್ ನರಸಿಂಗರಾಯರು. 1887ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, ಕೆನರಾ ಹೈಸ್ಕೂಲಿನಲ್ಲಿ ಓದಿ, ಮದರಾಸು ಮತ್ತು ಕೇಂಬ್ರಿಜ್ಜುಗಳಲ್ಲಿ ವ್ಯಾಸಂಗ ಮುಗಿಸಿದ ಇವರನ್ನು ರಾಜ್ಯಾಂಗ ಸಭೆಯ ಸಲಹೆಗಾರರೆಂದು ಎಲ್ಲರೂ ಬಲ್ಲರು. 1950ರ ಜೂನಿನಲ್ಲಿ ವಿಶ್ವಸಂಸ್ಥೆಯ ಭದ್ರತಾ ಸಮಿತಿಯ ಅಧ್ಯಕ್ಷಪೀಠ ಸರದಿಯಂತೆ ಭಾರತಕ್ಕೆ ಬಂದಿತ್ತು, ಪೀಠದಲ್ಲಿದ್ದವರು ರಾಯರು. ಆ ತಿಂಗಳ 25ರಂದು ಕೊರಿಯದ ಯುದ್ಧ ಸಿಡಿಯಿತು. ಚೀನಾದ ಸ್ಥಾನದ ವ್ಯಾಜ್ಯದಿಂದ ರಷ್ಯ ಸಭೆಗೆ ಬರುತ್ತಿರಲಿಲ್ಲ. ಅಂದಿನ ನಿರ್ಣಯಕ್ಕೆ ಭಾರತ ಒಪ್ಪಿಗೆ ಕೊಟ್ಟಿತು. ಎರಡು ದಿನಗಳ ಮೇಲೆ, 27ರಂದು, ದಕ್ಷಿಣ ಕೊರಿಯಕ್ಕೆ ಸೇನಾಸಹಾಯ ನೀಡಬೇಕೆಂಬ ಎರಡನೆಯ ನಿರ್ಣಯ ಬಂದಾಗ ದೆಹಲಿಯ ಅಪ್ಪಣೆ ಇನ್ನೂ ತಲಪಿರಲಿಲ್ಲ. ಏಳು ರಾಷ್ಟ್ರಗಳು ಪರವಾಗಿ, ಯುಗೋಸ್ಲಾವಿಯ ವಿರೋಧವಾಗಿ ಮತ ಕೊಟ್ಟವು; ಅಧ್ಯಕ್ಷರಾಗಿ ಕುಳಿತಿದ್ದ ರಾಯರು ಮತದಲ್ಲಿ ಭಾಗವಹಿಸಲಿಲ್ಲ, ಈಜಿಪ್ಟಿನ ಪ್ರತಿನಿಧಿಯೂ ಇಲ್ಲ. 29ರಂದು ಭಾರತ ಸರ್ಕಾರ ಆ ನಿರ್ಣಯವನ್ನು ತಾನು ಅಂಗೀಕರಿಸಿರುವುದಾಗಿ ತಿಳಿಸಿತು. ಎರಡು ದಿನದ ಆ ಮೌನವನ್ನು ಕೆಲವರು ನೀತಿ ಎಂದು ಬಣ್ಣಿಸುತ್ತಾರೆ, ಕೆಲವರು ಹಿಂಜರಿಕೆ ಎನ್ನುತ್ತಾರೆ. ತಂತಿ ಎಷ್ಟು ಹೊತ್ತಿಗೆ ಹೊರಟಿತು, ಎಷ್ಟು ಹೊತ್ತಿಗೆ ಬಂದಿತು, ನ್ಯೂಯಾರ್ಕಿನ ಮಧ್ಯಾಹ್ನ ದೆಹಲಿಯಲ್ಲಿ ಎಷ್ಟು ರಾತ್ರಿ ಎಂದು ಲೆಕ್ಕಹಾಕಿ ನೋಡದೆ ತೀರ್ಪು ಕೊಡುವವರು ಅವಸರದವರು. ಡಿಸೆಂಬರಿನಲ್ಲಿ ಯುದ್ಧವಿರಾಮಕ್ಕಾಗಿ ನೇಮಿಸಿದ ಮೂವರ ಮಂಡಲಿಯಲ್ಲಿ ಇರಾನಿನ ಎಂತೆಜಾಮ್, ಕೆನಡದ ಪಿಯರ್‌ಸನ್ ಇವರೊಡನೆ ಮೂರನೆಯವರು ರಾಯರೇ. ಆ ಪ್ರಯತ್ನ ಫಲಿಸಲಿಲ್ಲ. 1952ರಲ್ಲಿ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋದ ಅವರು ಮರುವರ್ಷ ನವೆಂಬರಿನಲ್ಲಿ ಜೂರಿಚ್ಚಿನಲ್ಲಿ ತೀರಿಕೊಂಡರು. ಕನ್ನಡದಲ್ಲಿ ಅವರ ಪರರಾಷ್ಟ್ರ ಕಾರ್ಯವನ್ನು ವಿಸ್ತಾರವಾಗಿ ವಿವೇಚಿಸುವ ಗ್ರಂಥವೊಂದು ನಮ್ಮ ಕೈಗೆ ಸಿಕ್ಕಿಲ್ಲ.

ಕನ್ನಡದಲ್ಲಿ ಪದಗಳಿಲ್ಲವೆಂಬ ನೆವ ಸಲ್ಲದು. ಸಂಧಿ, ವಿಗ್ರಹ, ಆಸನ, ಯಾನ, ಸಂಶ್ರಯ, ದ್ವೈಧೀಭಾವ ಎಂಬ ಆರು ಗುಣಗಳನ್ನು ಹೇಳುವ ಕೌಟಿಲ್ಯನ ಅರ್ಥಶಾಸ್ತ್ರವನ್ನು 1909ರಲ್ಲಿ ಮೊದಲು ಅಚ್ಚುಮಾಡಿಸಿದವರು ಮೈಸೂರಿನ ಶಾಮಶಾಸ್ತ್ರಿಗಳು. ಪದವಿದೆ, ಪರಂಪರೆಯಿದೆ. ಇಲ್ಲದಿರುವುದು, ಇಂಗ್ಲಿಷಿನಲ್ಲಿ ಬರೆದ ನಾಲ್ಕು ಪುಟವನ್ನು ಯಾರ ಬಾಳಿಗೆ ಅದು ತಗಲುತ್ತದೋ ಅವರ ಭಾಷೆಯಲ್ಲಿ ಮತ್ತೊಮ್ಮೆ ಬರೆಯಬೇಕೆಂಬ ಸಂಕಲ್ಪ.

ಯಾರ ಬಾಳಿಗೆ ತಗಲುತ್ತದೆಂದು ಕೇಳಿದರೆ ಕಾಪುವಿಗೆ ಹೋಗೋಣ. ಕಡಲಂಚಿನ ಬಂಡೆಯ ಮೇಲೆ 1901ರ ದೀಪಸ್ತಂಭವಿದೆ. ವಿಹಾರಕ್ಕೆ ಹೋದವರೆಲ್ಲ ಹತ್ತಿ ನೋಡುತ್ತಾರೆ. ಅಲ್ಲಿಂದ ಒಳನಾಡಿಗೆ ಸ್ವಲ್ಪ ದೂರದಲ್ಲಿ ಪಾದೂರು ಎಂಬ ಗ್ರಾಮ. ಅಲ್ಲಿ ನೋಡಲು ಏನೂ ಕಾಣದು, ಏಕೆಂದರೆ ಇರುವುದೆಲ್ಲ ನೆಲದ ಕೆಳಗೆ. ಬಂಡೆಯನ್ನು ಕೊರೆದು ಮಾಡಿದ ಗುಹೆಗಳಲ್ಲಿ 25 ಲಕ್ಷ ಟನ್ ಕಚ್ಚಾ ಎಣ್ಣೆಯನ್ನು ಕೂಡಿಡುವ ಏರ್ಪಾಡು ಅದು. ವಿಶಾಖಪಟ್ಟಣದಲ್ಲಿ 13 ಲಕ್ಷ 30 ಸಾವಿರ ಟನ್ನಿಗೆ, ಮಂಗಳೂರಿನಲ್ಲಿ 15 ಲಕ್ಷ ಟನ್ನಿಗೆ ಎಡೆಯಿದೆ. ಮೂರರಲ್ಲಿ ಪಾದೂರಿನದೇ ದೊಡ್ಡದು. ಮೂರೂ ತುಂಬಿದ್ದರೆ ದೇಶದ ಸುಮಾರು ಒಂಬತ್ತೂವರೆ ದಿನಗಳ ಬೇಡಿಕೆಗೆ ಸಾಕೆಂದು ಸರ್ಕಾರದ ಲೆಕ್ಕ. 1973ರಲ್ಲಿ ಅರಬ್ ರಾಷ್ಟ್ರಗಳು ಎಣ್ಣೆಯನ್ನು ತಡೆದ ಮೇಲೆ 1974ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಇಂಧನ ಸಂಸ್ಥೆ ತನ್ನ ಸದಸ್ಯರು 90 ದಿನಗಳ ಆಮದಿಗೆ ಸಮನಾದ ದಾಸ್ತಾನು ಇಡಬೇಕೆಂದು ವಿಧಿಸಿದೆ. ಆ ಅಂಕಿಯ ಪಕ್ಕದಲ್ಲಿ ನಮ್ಮದನ್ನು ಇಟ್ಟು ನೋಡಬೇಕು.

ಎಣ್ಣೆ ಬಂಡೆಯಲ್ಲಿ ಹೇಗೆ ನಿಲ್ಲುತ್ತದೆ ಎಂಬುದು ಸ್ವಾರಸ್ಯವಾಗಿದೆ. ಗುಹೆಗೆ ಉಕ್ಕಿನ ಒಳಕವಚವಿಲ್ಲ. ಅದನ್ನು ಅಂತರ್ಜಲದ ಮಟ್ಟಕ್ಕಿಂತ ಬಹಳ ಕೆಳಗೆ ಕೊರೆದು, ಅದರ ಮೇಲ್ಗಡೆ ಸಣ್ಣ ಸುರಂಗಗಳಿಂದ ಬಂಡೆಯ ಬಿರುಕುಗಳಿಗೆ ಸದಾ ನೀರು ಊಡುತ್ತಾರೆ. ಸುತ್ತಣ ನೀರಿನ ಒತ್ತಡ ಒಳಗಿನ ಎಣ್ಣೆಯ ಒತ್ತಡಕ್ಕಿಂತ ಹೆಚ್ಚಾಗಿರುವುದರಿಂದ ನೀರು ಒಳಕ್ಕೆ ಜಿನುಗೀತು, ಎಣ್ಣೆ ಹೊರಕ್ಕೆ ಹೋಗದು. ಅಂದರೆ ಪರರಾಷ್ಟ್ರ ನೀತಿಯ ಈ ಭಂಡಾರವನ್ನು ಕಾಯುತ್ತಿರುವುದು ಊರಿನ ನೆಲದೊಳಗಿನ ನೀರು. ಬಾವಿಯ ನೀರನ್ನು ನಂಬಿ ಬಾಳುವ ರೈತನು ಇದನ್ನು ಕೇಳಿದರೆ ಅವನಿಗೆ ಏಳುವ ಪ್ರಶ್ನೆಗಳು ಸಹಜವಾದುವು. 2021ರಲ್ಲಿ ಕೇಂದ್ರ ಸಚಿವ ಸಂಪುಟ ಪಾದೂರಿನಲ್ಲಿ ಇನ್ನೂ 25 ಲಕ್ಷ ಟನ್ನಿನ ಎರಡನೆಯ ಹಂತಕ್ಕೆ ಒಪ್ಪಿಗೆಯಿತ್ತ ಮೇಲೆ ಭೂಮಿಯನ್ನು ಬಿಟ್ಟುಕೊಡಬೇಕಾದವರ ಪ್ರಶ್ನೆಗಳು ಇವಕ್ಕೆ ಸೇರಿಕೊಂಡಿವೆ. ಪರಿಹಾರದ ದರವನ್ನು ಅಧಿಕಾರಿಗಳು ಹೇಳಬಲ್ಲರು. ಈ ಗುಹೆ ಇಲ್ಲಿಯೇ ಏಕೆ, ಇದರಿಂದ ಯಾರಿಗೆ ಯಾವ ಭದ್ರತೆ, 2018ರಲ್ಲಿ ಅಬುಧಾಬಿಯ ಎಣ್ಣೆ ಕಂಪನಿಯೊಡನೆ ಮಾಡಿಕೊಂಡ ಒಡಂಬಡಿಕೆಯ ಅರ್ಥವೇನು, ಪರದೇಶದವರ ಎಣ್ಣೆ ನಮ್ಮ ನೆಲದಲ್ಲಿದ್ದರೆ ಆಪತ್ಕಾಲದಲ್ಲಿ ಅದರ ಮೇಲೆ ಮೊದಲ ಹಕ್ಕು ಯಾರದು ಎಂಬುದನ್ನು ಹೇಳಬೇಕಾದವರು ಈ ಶಾಸ್ತ್ರವನ್ನು ಓದಿದವರು. ಮಣಿಪಾಲದಿಂದ ಪಾದೂರಿಗೆ ಬಸ್ಸಿನಲ್ಲಿ ಒಂದು ಬೆಳಗಿನ ಪ್ರಯಾಣ.

ಆ ಎಣ್ಣೆ ಬರುವ ದಾರಿಯನ್ನು ನಕ್ಷೆಯಲ್ಲಿ ಬೆರಳಿಟ್ಟು ಹಿಂಬಾಲಿಸಿದರೆ ಬೆರಳು ಹೊರ್ಮುಜಿನ ಜಲಸಂಧಿಯ ಬಳಿಗೆ ಹೋಗಿ ನಿಲ್ಲುತ್ತದೆ. ನಾನೂರು ವರ್ಷಗಳ ಹಿಂದೆ ಬಸರೂರಿನ ಸೆಟ್ಟಿಕಾರರ ಅಕ್ಕಿಯೂ ಇದೇ ನೀರಿನ ಮೇಲೆ ಆ ಕಡೆಗೆ ಹೋಗುತ್ತಿತ್ತು. ಅಂದು ಹೋದುದರ ಲೆಕ್ಕ ಲಿಸ್ಬನ್ನಿನಲ್ಲಿಯೂ ಪಣಜಿಯಲ್ಲಿಯೂ ಉಳಿದಿದೆ, ನಮ್ಮಲ್ಲಿ ಉಳಿದಿಲ್ಲ. ಇಂದು ಬರುತ್ತಿರುವುದರ ಲೆಕ್ಕವನ್ನು ಬರೆಯುವ ತರುಣರು ಮಣಿಪಾಲದ ಗುಡ್ಡದ ಮೇಲೆಯೇ ಇದ್ದಾರೆ. ಅವರಲ್ಲಿ ಇಬ್ಬರು ಮೂವರಾದರೂ ಕನ್ನಡ ಕಲಿತು, ಮಳೆ ನಿಂತ ಮೇಲೆ ಒಂದು ದಿನ ಪಾದೂರಿನ ಜಗಲಿಗಳಲ್ಲಿ ಕುಳಿತು ಆ ಊರಿನವರ ಪ್ರಶ್ನೆಗಳನ್ನು ಬರೆದುಕೊಂಡು ಬರಲೆಂದು ನಾವು ಕೇಳಿಕೊಳ್ಳುತ್ತೇವೆ.